ಆನ್ಸಿಬಲ್ ಹತ್ತುವಂಥದ್ದಲ್ಲ

ಮೊನ್ನೆ ಬದಿಯಡ್ಕದ ಹತ್ತಿರ ಒಂದು ಓದುಗರ ಕೂಟಕ್ಕೆ ಹೋಗಿದ್ದೆ. ಅಮೆರಿಕದ ವೈಜ್ಞಾನಿಕ ಕಥೆಗಾರ್ತಿ ಉರ್ಸುಲಾ ಲೆ ಗ್ವಿನ್ ಅವರ ಕಾದಂಬರಿಗಳ ಬಗ್ಗೆ ಒಂದು ಹಾಳೆ ಹಂಚಿದರು. ಅದರಲ್ಲಿ ‘ಆನ್ಸಿಬಲ್ ಹತ್ತಿ ಬೇರೆ ಗ್ರಹಕ್ಕೆ ಹೋಗುತ್ತಾರೆ’ ಎಂದಿತ್ತು. ಈ ತಪ್ಪನ್ನು ಎಷ್ಟು ಸಲ ನೋಡಿದ್ದೇನೋ. ಈ ಸಲ ಸುಮ್ನೆ ಇರಲು ಆಗಲಿಲ್ಲ.

ಲೆ ಗ್ವಿನ್ ಕಥೆಗಳ ಆನ್ಸಿಬಲ್ ಹಡಗಲ್ಲ. ಅದು ಮಾತು ಕಳಿಸುವ ಯಂತ್ರ. ಗ್ರಹ ಎಷ್ಟೇ ದೂರ ಇರಲಿ, ಇಲ್ಲಿ ಬರೆದದ್ದು ಅದೇ ಕ್ಷಣ ಅಲ್ಲಿ ಮೂಡುತ್ತದೆ. ಜನ ಕೂತು ಹೋಗುವ ಹಡಗುಗಳದ್ದು ಬೇರೆ ಕಥೆ. ಅವು ಬೆಳಕಿನ ವೇಗದ ಹತ್ತಿರಕ್ಕೆ ಹೋಗುತ್ತವೆ, ದಾಟುವುದಿಲ್ಲ. ತೊಂಬತ್ತರ ದಶಕದ ಕೆಲವು ಕಥೆಗಳಲ್ಲಿ ದಾಟಲು ನೋಡುತ್ತಾರೆ. ಆದರೆ ಆ ವಿದ್ಯೆಯ ಹೆಸರು ಚರ್ಟನ್.

ಆನ್ಸಿಬಲ್ ಎಂಬ ಪದ ಮೊದಲು ಬಂದದ್ದು ಲೆ ಗ್ವಿನ್ ಅವರ 1966ರ ಕಾದಂಬರಿ ‘ರೊಕಾನನ್ಸ್ ವರ್ಲ್ಡ್’ನಲ್ಲಿ. ಇಂಗ್ಲಿಷಿನ ‘ಆನ್ಸರಬಲ್’ ಅನ್ನು ಸವೆಸಿ ಮಾಡಿದ ಪದ ಇದು. ಇಲ್ಲಿಯೇ ನಮ್ಮವರು ಎರಡನೇ ಸಲ ಎಡವುವುದು. ಆನ್ಸರಬಲ್ ಎಂದೊಡನೆ ‘ಹೊಣೆಗಾರ’, ‘ಉತ್ತರದಾಯಿ’ ಎಂದು ಬರೆದುಬಿಡುತ್ತಾರೆ. ಹೊಣೆಯ ಮಾತು ಇಲ್ಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆ, ಅಷ್ಟೇ. ಇದಕ್ಕೆ ಕನ್ನಡದಲ್ಲಿ ಎಷ್ಟು ಚಂದದ ಮಾತಿದೆ: ಓಗೊಡುವುದು. ತೋಟದ ಮೇಲಿನ ತಟ್ಟಿನಿಂದ ಕೂಗಿದರೆ ತೋಡಿನ ಬದಿಯಿಂದ ‘ಓ’ ಎನ್ನುತ್ತಾರಲ್ಲ, ಅದು. ಆ ‘ಓ’ ಕೇಳಿಸದಿದ್ದರೆ ಇನ್ನೊಮ್ಮೆ ಕೂಗುತ್ತೇವೆ. ಕೂಗು ತಲುಪಿತು ಎಂದು ಗೊತ್ತಾಗುವುದೇ ‘ಓ’ ಬಂದಾಗ.

ಹಾಗಾಗಿ ‘ಬೆಳಕಿಗಿಂತ ವೇಗದ ಫೋನ್’ ಎಂಬ ವಿವರಣೆ ನನಗೆ ಸಾಲದು. ಗಲ್ಫಿಗೆ ಹೋದವರ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಹೋಗುವವರ ಕೈಯಲ್ಲಿ ಕೊಡುತ್ತಿದ್ದರು. ದನಿ ಬರುತ್ತಿತ್ತು. ಮಧ್ಯದಲ್ಲಿ ಒಂದು ಮಾತು ಕೇಳಬೇಕೆಂದರೆ ಆಗುತ್ತಿರಲಿಲ್ಲ, ಅಲ್ವಾ? ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ. ಅದು ಸುಮಾರು 4.2 ಬೆಳಕಿನ ವರ್ಷ ದೂರದಲ್ಲಿದೆ. ಅಲ್ಲಿಗೆ ಬೆಳಕಿನ ವೇಗದಲ್ಲೇ ಹೋಗುವ ರೇಡಿಯೋದಲ್ಲಿ ‘ಊಟ ಆಯ್ತಾ’ ಎಂದು ಕೇಳಿದರೆ ಉತ್ತರ ಬರಲು ಎಂಟು ವರ್ಷಕ್ಕಿಂತ ಜಾಸ್ತಿ ಬೇಕು. ಆ ಎಂಟು ವರ್ಷವನ್ನು ಅಳಿಸುವುದೇ ಆನ್ಸಿಬಲ್‌ನ ಕೆಲಸ.

1969ರ ‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಚಳಿ ಗ್ರಹವೊಂದಕ್ಕೆ ಒಬ್ಬನೇ ಬಂದ ದೂತ ಅಲ್ಲಿನ ದೊರೆಗೆ ಆನ್ಸಿಬಲ್ ತೋರಿಸುತ್ತಾನೆ. ದೊರೆಗೆ ನಂಬಿಕೆ ಇಲ್ಲ. ಮನುಷ್ಯನನ್ನು ದ್ರೋಹಿ ಮಾಡುವುದು ಯಾವುದು ಎಂದು ಕೇಳಿಸುತ್ತಾನೆ. ಎಷ್ಟೋ ಬೆಳಕಿನ ವರ್ಷ ಆಚೆಯಿಂದ ಆಗಲೇ ಉತ್ತರ ಬರುತ್ತದೆ: ತನಗೆ ಗೊತ್ತಿಲ್ಲ ಎಂದು. ದೊರೆಗೆ ಸಮಾಧಾನವಾಗುವುದಿಲ್ಲ. ಆದರೂ ಅಲ್ಲಿ ಯಾರೋ ಇದ್ದಾರೆ, ಓಗೊಟ್ಟಿದ್ದಾರೆ. ಇಡೀ ಪುಸ್ತಕದಲ್ಲಿ ನಾನು ಜಾಸ್ತಿ ಸಲ ತಿರುಗಿ ಓದಿದ ಪುಟಗಳು ಇವು.

ಪದವನ್ನು ಇನ್ನೊಬ್ಬ ಕಾದಂಬರಿಕಾರ ಆರ್ಸನ್ ಸ್ಕಾಟ್ ಕಾರ್ಡ್ ಹುಟ್ಟಿಸಿದರು ಎಂಬುದೂ ತಪ್ಪು. ಅವರ ‘ಎಂಡರ್ಸ್ ಗೇಮ್’ ಬಂದದ್ದು 1985ರಲ್ಲಿ. ಯಾರೋ ಹಳೆಯ ಪುಸ್ತಕದಿಂದ ಹೆಕ್ಕಿದ ಹೆಸರು ಎಂದು ಆ ಕಾದಂಬರಿಯೇ ಹೇಳುತ್ತದೆ. ಐಟಿಯಲ್ಲಿರುವ ಮಕ್ಕಳಿಗೆ ಗೊತ್ತಿರುವ ಆನ್ಸಿಬಲ್ ಸಾಫ್ಟ್‌ವೇರ್ 2012ರದ್ದು. ದೂರವಿದ್ದರೂ ಒಂದಕ್ಕೊಂದು ಹೆಣೆದುಕೊಂಡಿರುವ ಕ್ವಾಂಟಮ್ ಜೋಡಿ ಕಣಗಳಿಂದ ಆನ್ಸಿಬಲ್ ಆಗಿಯೇಬಿಟ್ಟಿತು ಎನ್ನುವವರೂ ಇದ್ದಾರೆ. ಬರೀ ಆ ಕಣಗಳನ್ನು ನಂಬಿ ಸಂದೇಶ ಕಳಿಸಲು ಆಗುವುದಿಲ್ಲ.

ಇನ್ನೊಂದು ಗೊಂದಲ ಕಾಲದ್ದು. ಯಂತ್ರದ ಹಿಂದಿನ ಲೆಕ್ಕ ಹುಟ್ಟುವ ಕಥೆ, ‘ದ ಡಿಸ್ಪೊಸೆಸ್ಡ್’, ಬಂದದ್ದು 1974ರಲ್ಲಿ. ಪದ ಬಂದು ಎಂಟು ವರ್ಷ ಆದ ಮೇಲೆ. ಆದರೆ ಕಥೆಯೊಳಗಿನ ಕಾಲದಲ್ಲಿ ಅದೇ ಮೊದಲು. ಭೌತವಿಜ್ಞಾನಿ ಶೆವೆಕ್‌ನ ಲೆಕ್ಕವನ್ನು ಒಂದು ಸರ್ಕಾರ ತನ್ನದೇ ಮಾಡಿಕೊಳ್ಳಲು ನೋಡುತ್ತದೆ. ಅವನು ಒಬ್ಬರಿಗೇ ಕೊಡುವುದಿಲ್ಲ. ಎಲ್ಲ ಲೋಕಗಳಿಗೂ ಒಟ್ಟಿಗೆ ಕೇಳಿಸುವಂತೆ ಅದನ್ನು ಬಿತ್ತರಿಸಿ ಎನ್ನುತ್ತಾನೆ.