ಧಾರಾವಾಹಿಯ ಕಟಕಟೆ, ನ್ಯಾಯಾಧೀಶರ ಕೊಠಡಿ

ಟೀವಿಯಲ್ಲಿ ಮಗುವಿನ ಸುಪರ್ದಿ, ಅಂದರೆ ಮಗು ಯಾರ ಬಳಿ ಇರಬೇಕೆಂಬ ಜಗಳದ ಕೊನೆಯ ಸಂಚಿಕೆ ಹೇಗಿರುತ್ತದೆಂಬುದು ಎಲ್ಲರಿಗೂ ಬಾಯಿಪಾಠ. ತುಂಬಿದ ಕೋರ್ಟು, ಕಟಕಟೆಯಲ್ಲಿ ಏಳು ವರ್ಷದ ಕೂಸು, ‘ಅಪ್ಪ ಬೇಕೋ ಅಮ್ಮ ಬೇಕೋ’ ಎಂಬ ಪ್ರಶ್ನೆ. ಕೂಸು ಅಳುತ್ತ ಒಬ್ಬರ ಕಡೆ ಓಡುತ್ತದೆ, ಸುತ್ತಿಗೆ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮ ನ್ಯಾಯಾಧೀಶರ ಮೇಜಿನ ಮೇಲೆ ಆ ಸುತ್ತಿಗೆಯೇ ಇರುವುದಿಲ್ಲ, ಅದು ಹಾಗಿರಲಿ. ಆ ಓಟವನ್ನು ನಂಬಿ ಹುಬ್ಬಳ್ಳಿ, ಗದಗ, ಹಾವೇರಿಯ ಕಕ್ಷಿದಾರರು ಮನೆಯಲ್ಲಿ ಮಕ್ಕಳಿಗೆ ತಾಲೀಮು ಕೊಡುತ್ತಾರಲ್ಲ, ತಾಪತ್ರಯ ಅದು.

“ವಕೀಲ್ರ, ಹುಡುಗ ನನ್ ಕಡೇನ ಇರ್ತೀನಿ ಅಂತಾನ್ರಿ. ಮತ್ತೇನ್ ಬೇಕ್ರಿ?”

ಬಹಳ ಬೇಕು. ಮಕ್ಕಳ ಪಾಲಕತ್ವದ ಕಾನೂನಾದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಕಲಂ ಓದಿ. ಮಗು ವಿಚಾರ ಮಾಡಿ ಆಯ್ಕೆ ಹೇಳುವಷ್ಟು ದೊಡ್ಡದಾಗಿದ್ದರೆ ಕೋರ್ಟು ಆ ಆಯ್ಕೆಯನ್ನು ಪರಿಗಣಿಸ‘ಬಹುದು’ ಎಂದಿದೆ, ಒಪ್ಪ‘ಬೇಕು’ ಎಂದಿಲ್ಲ. ಎಷ್ಟು ವಯಸ್ಸು ಎಂದೂ ಹೇಳಿಲ್ಲ. ಹದಿನಾಲ್ಕರ ಹುಡುಗಿಯ ಮಾತಿಗಿರುವ ತೂಕ ಆರರ ಹುಡುಗನ ಮಾತಿಗೆ ಸಾಮಾನ್ಯವಾಗಿ ಇರುವುದಿಲ್ಲ. ಅದೇ ಕಲಮಿನಲ್ಲಿ ಮಗುವಿನ ವಯಸ್ಸು, ಸುಪರ್ದಿ ಕೇಳುವವರ ನಡತೆ, ಸಾಮರ್ಥ್ಯ, ಮಗುವಿನೊಂದಿಗೆ ಅವರ ಈವರೆಗಿನ ಸಂಬಂಧ ಎಲ್ಲವೂ ಇವೆ. ಇವೆಲ್ಲದರ ಮೇಲೆ ಮಗುವಿನ ಹಿತ. ಮಗುವಿನ ಮಾತು ಈ ಸಾಲಿನಲ್ಲಿ ಒಂದು. ತೀರ್ಪು ಅದಲ್ಲ. ಇದನ್ನು ಮೂರು ಸಲ ಹೇಳಿದರೂ ವಿಚಾರಣೆಯ ನಾಲ್ಕನೇ ತಾರೀಖಿಗೆ “ಇವತ್ತು ಹುಡುಗನ್ನ ಕರಕೊಂಡು ಬಂದೀನ್ರಿ, ಕೇಳಿಬಿಡ್ರಿ” ಅನ್ನುವವರಿದ್ದಾರೆ.

ಕೇಳುವುದಾದರೂ ಹೇಗೆ? ಸಾಮಾನ್ಯವಾಗಿ ನ್ಯಾಯಾಧೀಶರು ತಮ್ಮ ಕೊಠಡಿಗೆ ಮಗುವನ್ನಷ್ಟೇ ಕರೆದು ಮಾತಾಡುತ್ತಾರೆ. ಅಪ್ಪ, ಅವ್ವ, ವಕೀಲರು ಹೊರಗೆ. ಯಾರು ಬೇಕು ಅಂತ ನೇರವಾಗಿ ಕೇಳುವುದು ಕಡಿಮೆ. ಸಾಲಿಗೆ ಯಾರು ಬಿಡ್ತಾರ, ಡಬ್ಬಿಗೆ ಏನು ಕಟ್ತಾರ, ಜ್ವರ ಬಂದಾಗ ಪಕ್ಕದಾಗ ಯಾರು ಮಲಗ್ತಾರ, ಗೆಳೆಯರ ಹೆಸರೇನು, ಇಂಥವು. ತಾಲೀಮು ಬಯಲಾಗುವುದು ಇಲ್ಲಿಯೇ. ಮೂರನೇ ಇಯತ್ತೆಯ ಹುಡುಗಿ ‘ಜೀವನಾಂಶ’, ‘ಮಾನಸಿಕ ಹಿಂಸೆ’ ಅಂದರೆ ಆ ಮಾತು ಯಾರ ಬಾಯಿಂದ ಬಂತೆಂದು ಊಹಿಸಲು ಕಾನೂನು ಓದಬೇಕಿಲ್ಲ. ಪಾಠ ಹೇಳಿಕೊಟ್ಟವರ ನಡತೆಯೂ ಅದೇ 17ನೇ ಕಲಮಿನಡಿ ತೂಗುತ್ತದೆ. ಆಗ ಗೆಲ್ಲಬಹುದಾಗಿದ್ದ ಅರ್ಜಿಯೂ ಕೆಡಬಹುದು.

ಪಾಠಕ್ಕೆ ಖರ್ಚು ಮಾಡುವ ಸಂಜೆಗಳಲ್ಲಿ ಕಾಗದ ಕೂಡಿಸಿ. ತಾಯಿ ಕಾರ್ಡು, ಸಾಲಿಯ ಫೀ ರಸೀದಿ, ಪ್ರಗತಿ ಪತ್ರ, ಔಷಧದ ಚೀಟಿ, ಪಾಲಕರ ಸಭೆಗೆ ಹೋದಾಗ ಮಾಡಿದ ಸಹಿ. ನೀವು ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವ ಅಜ್ಜಿಯ ವಯಸ್ಸು, ಆರೋಗ್ಯವನ್ನೂ ನಿಮ್ಮ ವಕೀಲರಿಗೆ ಮುಚ್ಚಿಡದೆ ಹೇಳಿ.

ಐದು ವರ್ಷದ ಮಾತೂ ಹೀಗೆಯೇ ತಿರುಚಿಕೊಂಡಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಐದು ತುಂಬದ ಮಗು ‘ಸಾಮಾನ್ಯವಾಗಿ’ ತಾಯಿಯ ಬಳಿ ಇರಬೇಕು ಎನ್ನುತ್ತದೆ. ಐದು ತುಂಬಿದ ದಿನ ತಂದೆ ಬಂದು ಎತ್ತಿಕೊಂಡು ಹೋಗಬಹುದು ಎನ್ನುವುದಿಲ್ಲ. ಹಾಗೆ ಎತ್ತಿಕೊಂಡು ಹೋದವರ ವಾದ ಆಮೇಲೆ ಕಷ್ಟ. ಅರ್ಜಿ ಎಲ್ಲಿ ಹಾಕಬೇಕು ಎನ್ನುವುದಕ್ಕೂ ಮಗು ‘ಸಾಮಾನ್ಯವಾಗಿ’ ವಾಸಿಸುವ ಊರೇ ಆಧಾರ; ಹಾವೇರಿಯ ಕೂಸನ್ನು ಎಂಟು ದಿನ ಬೆಂಗಳೂರಿನ ಚಿಗವ್ವನ ಮನೆಯಲ್ಲಿಟ್ಟರೆ ಅದು ಬದಲಾಗುವುದು ಅಪರೂಪ.

ಇನ್ನು ಸುತ್ತಿಗೆ ಬಿದ್ದ ಮೇಲಿನ ಕಥೆ. ಸುಪರ್ದಿಯ ಆದೇಶ ಕಲ್ಲಿನ ಶಾಸನವಲ್ಲ. ಪರಿಸ್ಥಿತಿ ಬದಲಾದರೆ ಬದಲಿಸಲು ಕೇಳಬಹುದು. ಕೌಟುಂಬಿಕ ನ್ಯಾಯಾಲಯದ ಅಂತಿಮ ಆದೇಶದ ವಿರುದ್ಧ 30 ದಿನದೊಳಗೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿಯೂ ಉಂಟು. ಆದರೆ ನಿಜವಾದ ಜಗಳ ಅದಕ್ಕೂ ಮೊದಲು, ಭೇಟಿಯ ಮಧ್ಯಂತರ ಅರ್ಜಿಯಲ್ಲಿ, ಅಂದರೆ ಪ್ರಕರಣ ಮುಗಿಯುವವರೆಗೆ ಮಗುವನ್ನು ನೋಡಲು ಕೇಳುವ ಅರ್ಜಿಯಲ್ಲಿ ನಡೆಯುತ್ತದೆ. ಧಾರಾವಾಹಿಯವರಿಗೆ ಇದು ಬೇಡ, ಕಣ್ಣೀರು ಕಡಿಮೆ ನೋಡಿ. ‘ತಿಂಗಳಿಗೆ ಎರಡು ಭಾನುವಾರ’ ಅಂತಷ್ಟೇ ಬರೆಸಬೇಡಿ. ಎರಡನೇ ಮತ್ತು ನಾಲ್ಕನೇ ಭಾನುವಾರ, ಬೆಳಿಗ್ಗೆ 10ರಿಂದ ಸಂಜೆ 5 ಎನ್ನಿ. ಮಗುವನ್ನು ಒಪ್ಪಿಸುವುದು ಯಾರದೇ ಮನೆ ಬಾಗಿಲಲ್ಲಿ ಬೇಡ, ಅಲ್ಲಿ ಮಾವ, ಭಾವಂದಿರು ಮೊದಲೇ ನಿಂತಿರುತ್ತಾರೆ. ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆ ಉದ್ಯಾನದಂಥ ಜನ ಓಡಾಡುವ ಜಾಗವಾದರೆ ದನಿ ತಾನಾಗಿ ತಗ್ಗುತ್ತದೆ. ಕರೆತರುವವರು ಯಾರು, ಗದಗದ ಬಸ್ಸು ತಡವಾದರೆ ಕಾಯುವುದು 30 ನಿಮಿಷವೋ ಒಂದು ತಾಸೋ, ಮಗುವಿಗೆ ಜ್ವರವಿದ್ದರೆ ಬದಲಿ ದಿನ ಯಾವುದು, ವಾರದ ನಡುವಿನ ವಿಡಿಯೊ ಕರೆ ಯಾರ ಫೋನಿನಲ್ಲಿ, ಎಷ್ಟು ನಿಮಿಷ, ಇದೆಲ್ಲ ಬರಲಿ. ಹಬ್ಬಗಳನ್ನು ಹೆಸರಿಟ್ಟು ಹಂಚಿ. ದಸರೆ, ದೀಪಾವಳಿ ಎಲ್ಲರಿಗೂ ನೆನಪಾಗುತ್ತವೆ, ನಾಗರ ಪಂಚಮಿ ಮರೆಯುತ್ತದೆ. ಅವ್ವ ತವರಿಗೆ ಹೊರಟಿರುತ್ತಾಳೆ, ಅದೇ ಭಾನುವಾರ ಅಪ್ಪ ಬಂದು ಕಾಯುತ್ತಿರುತ್ತಾನೆ, ಸೋಮವಾರ ಇಬ್ಬರೂ ಬೇರೆ ಬೇರೆ ವಕೀಲರ ಮುಂದೆ. ಪಂಚಮಿಯ ವಾರದ ಭೇಟಿ ಮುಂದಿನ ಭಾನುವಾರಕ್ಕೆ ಎಂಬ ಒಂದು ಸಾಲನ್ನು ಸಹಿ ಮಾಡುವ ಮೊದಲೇ ಸೇರಿಸಿಬಿಡಿ.