ಮೂರು ಗಂಟೆಯ ಹಸಿವು

ಮುಂಬಯಿಯ ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಊಟದ ಗದ್ದಲ ಜೋರಾಗಿರುತ್ತದೆ. ಕುಂದಾಪುರದ ಕಡೆಯಿಂದ ಬಂದ ಬಡಿಸುವ ಹುಡುಗನ ಕೈಯಲ್ಲೇ ಸಾಂಬಾರಿನ ಬಕೆಟ್ಟು ಹಬೆಯಾಡುತ್ತಿದ್ದರೂ, ಅವನಿಗೆ ಹಸಿವಾಗುವುದು ಗಿರಾಕಿಗಳೆಲ್ಲ ಎದ್ದುಹೋಗಿ ತನ್ನ ಸರದಿ ಬರುವ ಮೂರು ಗಂಟೆಯ ಹೊತ್ತಿಗೆ. ರಜೆಯಲ್ಲಿ ಊರಿಗೆ ಹೋದರೆ, ಮೊದಲ ನಾಲ್ಕು ದಿನ ಒಂದು ಗಂಟೆಗೆ ಎಲೆಯ ಮುಂದೆ ಕೂತರೂ ಅನ್ನ ಸೇರುವುದಿಲ್ಲವಂತೆ. ಹೊಟ್ಟೆ ಖಾಲಿಯಾದರೆ ಹಸಿವು ಎಂಬ ನಮ್ಮ ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ.

ವಿಜ್ಞಾನವೂ ಮೊದಲು ಹಿಡಿದದ್ದು ಇದೇ ಲೆಕ್ಕವನ್ನು. 1912ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಅವರ ಪ್ರಯೋಗಕ್ಕಾಗಿ ವಾಶ್‌ಬರ್ನ್ ಎಂಬುವರು ರಬ್ಬರ್ ಬಲೂನೊಂದನ್ನು ನುಂಗಿದರು. ಜಠರ ಹಿಂಡಿ ಬಲೂನು ಅದುಮಿದಾಗಲೆಲ್ಲ ಅವರಿಗೆ ಹಸಿವಿನ ಸಂಕಟವಾಗುತ್ತಿತ್ತು. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಜಠರವನ್ನೇ ತೆಗೆದ ರೋಗಿಗಳಿಗೂ ಹಸಿವಾಗುತ್ತದೆ ಎಂಬುದು ಈ ವಾದಕ್ಕೆ ಎದುರಾಗಿ ನಿಂತಿತು.

ಹುಡುಕಾಟ ಮಿದುಳಿನ ಕಡೆ ಹೊರಳಿತು. 1940ರಲ್ಲಿ ಹೆದರಿಂಗ್ಟನ್ ಮತ್ತು ರಾನ್ಸನ್ ಅವರು ಇಲಿಗಳ ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗದಲ್ಲಿ ಗಾಯ ಮಾಡಿದಾಗ ಅವುಗಳಿಗೆ ವಿಪರೀತ ಬೊಜ್ಜು ಬಂತು. 1951ರಲ್ಲಿ ಭಾರತದ ಬಿ.ಕೆ. ಆನಂದ್, ಯೇಲ್ ವಿಶ್ವವಿದ್ಯಾಲಯದ ಬ್ರೋಬೆಕ್ ಅವರೊಡನೆ, ಅದೇ ಹೈಪೊಥಲಾಮಸ್‌ನ ಪಕ್ಕದ ಭಾಗದಲ್ಲಿ ಎರಡೂ ಬದಿಯ ಪುಟ್ಟ ಜಾಗವನ್ನು ನಾಶಮಾಡಿದರು. ಆ ಇಲಿಗಳು ತಿನಿಸು ಮುಂದಿದ್ದರೂ ಮುಟ್ಟದೆ ಸೊರಗಿದವು. ನಮ್ಮ ಶಾಲಾಪಾಠಗಳಲ್ಲಿ ಆನಂದರ ಹೆಸರು ಕಾಣದಿರುವುದು ನಿಜಕ್ಕೂ ಬೇಸರದ ಸಂಗತಿ.

ಮಿದುಳಿಗೆ ಸುದ್ದಿ ಮುಟ್ಟಿಸುವವರು ಯಾರು ಎಂಬುದು ಉಳಿದ ಪ್ರಶ್ನೆಯಾಗಿತ್ತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ನಿನ ಜೀನನ್ನು ಪತ್ತೆಹಚ್ಚಿತು. ಮೈಯಲ್ಲಿ ಕೂಡಿಟ್ಟ ಕೊಬ್ಬು ಎಷ್ಟಿದೆಯೆಂದು ಹೇಳುವ ಹಾರ್ಮೋನು ಇದು. ಕೊಬ್ಬು ಕರಗಿ ಲೆಪ್ಟಿನ್ ಇಳಿದರೆ ಮಿದುಳು ಹಸಿವನ್ನು ಹೆಚ್ಚಿಸುತ್ತದೆ. ಐದು ವರ್ಷಗಳ ನಂತರ, 1999ರಲ್ಲಿ, ಜಪಾನಿನ ಕೊಜಿಮಾ ಮತ್ತು ಕಂಗಾವಾ ಅವರು ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಇಲಿಯ ಜಠರದಲ್ಲೇ ಕಂಡುಹಿಡಿದರು. ಬದಿಗೆ ಸರಿಸಿದ್ದ ಹೊಟ್ಟೆ ಹೀಗೆ ಮತ್ತೆ ಮಾತಿಗೆ ಬಂತು, ಈ ಬಾರಿ ಸಂಕೋಚನದಿಂದಲ್ಲ, ರಕ್ತದ ಮೂಲಕ.

ಗ್ರೆಲಿನ್ ಊಟಕ್ಕೆ ಮುಂಚೆ ಏರಿ, ಉಂಡ ಬಳಿಕ ಇಳಿಯುತ್ತದೆ. ರೂಢಿಯ ಊಟದ ಹೊತ್ತನ್ನು ಅದು ಅನುಸರಿಸುತ್ತದೆ. ಬಡಿಸುವ ಹುಡುಗನ ಮೂರು ಗಂಟೆಗೆ ವಿವರಣೆ ಇಲ್ಲಿದೆ. ಉಪವಾಸದ ದಿನವೂ ಅದು ಊಟದ ಹೊತ್ತಿಗೆ ಏರಿ, ಏನೂ ತಿನ್ನದೆಯೇ ತಾನಾಗಿ ತಗ್ಗುತ್ತದೆ. ಏಕಾದಶಿ ಹಿಡಿಯುವ ಅದೇ ಹೋಟೆಲಿನ ಅಡುಗೆ ಭಟ್ಟರು ಹೇಳುವುದೂ ಇದನ್ನೇ: "ಮೂರೂವರೆ ದಾಟಿದರೆ ಆಯಿತು, ಆಮೇಲೆ ಹೊಟ್ಟೆ ಕೇಳುವುದಿಲ್ಲ."