ಅಕ್ಷಿಪಟಲದ ಚಿತ್ರ: ಸತ್ತದ್ದನ್ನು ಕಾಣುವುದರಿಂದ ಉಳಿದದ್ದನ್ನು ಹುಡುಕುವವರೆಗೆ

ಮುಸ್ಸಂಜೆಯಾದರೆ ಸಾಕು, ಅಂಗಳದಲ್ಲಿ ಬಿಟ್ಟ ಚಪ್ಪಲಿ ಸಿಗದೆ ತಡಕಾಡುವ ಮಗುವಿಗೆ ಇರುಳುಗುರುಡು ಎಂದು ನಮ್ಮ ಊರುಗಳಲ್ಲಿ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ಈ ಒಂದು ಹೆಸರಿನ ಹಿಂದೆ ಬೇರೆ ಬೇರೆ ಕಾಯಿಲೆಗಳಿರುತ್ತವೆ. ಎ ಜೀವಸತ್ವದ ಕೊರತೆಯಿಂದ ಬಂದ ಇರುಳುಗುರುಡು ಸಕಾಲದಲ್ಲಿ ಆ ಜೀವಸತ್ವ ಸಿಕ್ಕರೆ ವಾಸಿಯಾಗುತ್ತದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ಕಾಯಿಲೆ ಹಾಗಲ್ಲ. ಅದರಲ್ಲಿ ಮಬ್ಬುಬೆಳಕಿನ ನೋಟಕ್ಕೆ ಬೇಕಾದ ದಂಡಕೋಶಗಳು ಮೊದಲು ಸಾಯುತ್ತವೆ, ನೋಟ ಅಂಚಿನಿಂದ ನಡುವಿನ ಕಡೆಗೆ ವರ್ಷವರ್ಷವೂ ಕಿರಿದಾಗುತ್ತದೆ, ಕೊನೆಗೆ ಹಗಲಿನ ಮತ್ತು ಬಣ್ಣದ ನೋಟಕ್ಕೆ ಬೇಕಾದ ಶಂಕುಕೋಶಗಳೂ ಸೊರಗುತ್ತವೆ. ಜಗತ್ತಿನಲ್ಲಿ ಸುಮಾರು 4,000 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆಯೆಂಬುದು ಸಾಮಾನ್ಯ ಲೆಕ್ಕ. ತಂದೆತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಕಾಣಿಸಿಕೊಳ್ಳುವ ಅದರ ಬಗೆಗಳು, ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿಯಿರುವ ಕುಟುಂಬಗಳಲ್ಲಿ ಬರುವ ಸಾಧ್ಯತೆ ಹೆಚ್ಚು.

ಇಂಥ ಕಣ್ಣನ್ನು ಹೊರಗಿನಿಂದ ಎಷ್ಟು ನೋಡಿದರೂ ದೋಷ ಕಾಣುವುದಿಲ್ಲ. ಕಣ್ಣಿನ ಪಾಪೆ ಕಪ್ಪಾಗಿ ಕಾಣುವುದು ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುವುದರಿಂದ. ನೋಡುವವನ ತಲೆಯೇ ಆ ದಾರಿಗೆ ಅಡ್ಡವಾಗುತ್ತದೆ. ಇದನ್ನು ಅರಿತ ಜರ್ಮನ್ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1850ರ ಕೊನೆಯಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ಗಾಜಿನ ತೆಳು ಹಲ್ಲೆಗಳನ್ನು ಓರೆಯಾಗಿ ಹಿಡಿದು, ಬೆಳಕನ್ನು ಒಳಗೆ ಕಳುಹಿಸುತ್ತಲೇ ಅದರ ಹಿಂದಿನಿಂದ ನೋಡುವ ಉಪಾಯವನ್ನು ಕಂಡುಕೊಂಡರು. ಈ ನೇತ್ರದರ್ಶಕ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ವೈದ್ಯರು ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲದ ಅಂಚಿನಲ್ಲಿ ಜೇಡನ ಕಾಲುಗಳಂತೆ ಚಾಚಿಕೊಂಡ ಕಪ್ಪು ಕಲೆಗಳನ್ನು ಗುರುತಿಸಿದರು. ಕಾಯಿಲೆಗೆ ಇಂದಿಗೂ ಉಳಿದಿರುವ ಹೆಸರನ್ನು ಕೊಟ್ಟವರು ಡಚ್ ವೈದ್ಯ ಡೊಂಡರ್ಸ್. ಹೆಸರಿನಲ್ಲಿ ಉರಿಯೂತದ ಸೂಚನೆ ಇದ್ದರೂ ಕಾಯಿಲೆಯ ಮೂಲ ಉರಿಯೂತವಲ್ಲ. ಕಲೆಗಳಂತೂ ಕೋಶಗಳು ಸತ್ತ ಮೇಲೆ ಅಲ್ಲಿಗೆ ಸರಿದುಬಂದ ವರ್ಣದ್ರವ್ಯ. ಅಂದರೆ ವೈದ್ಯರು ನೋಡುತ್ತಿದ್ದದ್ದು ಬೆಂಕಿ ಆರಿದ ಮೇಲಿನ ಬೂದಿಯನ್ನು.

1886ರಲ್ಲಿ ಜಾಕ್‌ಮನ್ ಮತ್ತು ವೆಬ್‌ಸ್ಟರ್ ಜೀವಂತ ಮನುಷ್ಯನ ಅಕ್ಷಿಪಟಲದ ಛಾಯಾಚಿತ್ರವನ್ನು ಪ್ರಕಟಿಸಿದಾಗ, ಅದಕ್ಕಾಗಿ ಕಣ್ಣನ್ನು ಎರಡೂವರೆ ನಿಮಿಷ ಕದಲದಂತೆ ಇಡಬೇಕಾಗಿತ್ತು. ಮುಂದೆ ಕ್ಯಾಮೆರಾಗಳು ಸುಧಾರಿಸಿದವು, ಬಣ್ಣ ಬಂತು, 1961ರಲ್ಲಿ ರಕ್ತನಾಳಕ್ಕೆ ಬಣ್ಣದ ದ್ರಾವಣ ಚುಚ್ಚಿ ಚಿತ್ರ ತೆಗೆಯುವ ವಿಧಾನವೂ ಬಂತು. ಮಧುಮೇಹದ ಕಣ್ಣಿಗೆ ಇವು ತಂದ ಲಾಭ ಬಹಳ ದೊಡ್ಡದು. ಆನುವಂಶಿಕ ಕಾಯಿಲೆಗಳಲ್ಲಿ ಮಾತ್ರ ಇನ್ನೂ ಬದುಕಿರುವ ಕೋಶಗಳೆಷ್ಟು ಎಂಬ ಪ್ರಶ್ನೆಗೆ ಅವುಗಳಿಂದ ಉತ್ತರ ಸಿಗಲಿಲ್ಲ.

ಉತ್ತರ ಬಂದದ್ದು 1990ರ ದಶಕದಲ್ಲಿ, ಎರಡು ದಿಕ್ಕಿನಿಂದ. ಅಕ್ಷಿಪಟಲದ ಹಿಂದಿನ ಪದರದಲ್ಲಿ ಶೇಖರವಾಗುವ ಲಿಪೊಫಸ್ಕಿನ್ ಎಂಬ ಕಸ ನೀಲಿ ಬೆಳಕು ಬಿದ್ದಾಗ ತಾನೇ ಮಂದವಾಗಿ ಹೊಳೆಯುತ್ತದೆ. ಆ ಹೊಳಪನ್ನೇ ಚಿತ್ರವಾಗಿಸಿದಾಗ, ನೋಟದ ನಡುಭಾಗವನ್ನು ಕೆಡಿಸುವ ಸ್ಟಾರ್ಗಾರ್ಟ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಕಸ ಹೆಚ್ಚಾದ ಜಾಗ ಬೆಳ್ಳಗೆ, ಕೋಶಗಳು ಸತ್ತ ಜಾಗ ಕಪ್ಪಗೆ ಕಂಡವು. ರೆಟಿನೈಟಿಸ್ ಪಿಗ್ಮೆಂಟೋಸಾದ ಅನೇಕ ಕಣ್ಣುಗಳಲ್ಲಿ ನೋಟದ ಕೇಂದ್ರದ ಸುತ್ತ ಒಂದು ಬೆಳ್ಳನೆಯ ಬಳೆ ಕಂಡಿತು. ಬಳೆಯ ಒಳಗಿನದು ಬಹುಮಟ್ಟಿಗೆ ಉಳಿದ ನೋಟ, ಕಾಲ ಕಳೆದಂತೆ ಬಳೆಯೇ ಕಿರಿದಾಗುತ್ತ ಹೋಗುತ್ತದೆ.

ಎರಡನೆಯದು ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೋಗ್ರಫಿ). ಅಮೆರಿಕದ ಎಂಐಟಿಯ ಫ್ಯೂಜಿಮೋಟೊ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಈ ವಿಧಾನ, ಕಣ್ಣನ್ನು ಮುಟ್ಟದೆ, ಹಿಂದಿರುಗುವ ಬೆಳಕಿನಿಂದಲೇ ಅಕ್ಷಿಪಟಲದ ಪದರಗಳನ್ನು ಕೊಯ್ದು ತೋರಿಸಿದಂತೆ ತೋರಿಸುತ್ತದೆ. ಗದ್ದವನ್ನು ಆಸರೆಯ ಮೇಲಿಟ್ಟು, ರೆಪ್ಪೆ ಮಿಟುಕಿಸದೆ ಯಂತ್ರದೊಳಗಿನ ಗುರುತನ್ನು ಕೆಲವು ಕ್ಷಣ ನೋಡಿದರೆ ಪರದೆಯ ಮೇಲೆ ಬೂದುಬಣ್ಣದ ಪದರಗಳು ಮೂಡುತ್ತವೆ. ಅವುಗಳಲ್ಲಿ ದ್ಯುತಿಗ್ರಾಹಕ, ಅಂದರೆ ದಂಡ ಮತ್ತು ಶಂಕು ಕೋಶಗಳ ಒಂದು ಭಾಗವನ್ನು ಸೂಚಿಸುವ ಸಣ್ಣ ಬಿಳಿ ಗೆರೆಯೊಂದಿದೆ. ಆರೋಗ್ಯವಂತ ಕಣ್ಣಿನಲ್ಲಿ ಅದು ಈ ತುದಿಯಿಂದ ಆ ತುದಿಯವರೆಗೆ ಓಡುತ್ತದೆ. ರೋಗಿಯ ಕಣ್ಣಿನಲ್ಲಿ ನಡುವೆ ಸ್ವಲ್ಪ ದೂರ ಸ್ಪಷ್ಟವಾಗಿದ್ದು ಎರಡೂ ಬದಿಗೆ ಸವೆದು ಇಲ್ಲವಾಗುತ್ತದೆ. ಈ ಗೆರೆಯ ಉದ್ದವನ್ನು ಮೈಕ್ರಾನ್‌ಗಳಲ್ಲಿ ಅಳೆದಿಡಬಹುದು. ಇಡೀ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಈ ಬಿಳಿ ಗೆರೆಯೇ.

ಅದರ ಬೆಲೆ ಗೊತ್ತಾದದ್ದು ಆರ್‌ಪಿಇ65 ಜೀನ್‌ನ ದೋಷದಿಂದ ಎಳವೆಯಲ್ಲೇ ನೋಟ ಕಳೆದುಕೊಳ್ಳುವವರ ವಿಷಯದಲ್ಲಿ. ಬಹುತೇಕ ಏನೂ ಕಾಣದ ಈ ಕಣ್ಣುಗಳಲ್ಲಿ ಕೋಶಗಳೆಲ್ಲ ಸತ್ತಿರಬಹುದೆಂದು ಊಹಿಸುವುದು ಸಹಜವಾಗಿತ್ತು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಜೇಕಬ್‌ಸನ್, ಸಿಡೆಸಿಯಾನ್ ಮುಂತಾದವರು 2005ರಲ್ಲಿ ಓಸಿಟಿ ಚಿತ್ರಗಳ ಆಧಾರದ ಮೇಲೆ, ಕೆಲಸ ನಿಲ್ಲಿಸಿದ ಕೋಶಗಳು ಹಲವೆಡೆ ಇನ್ನೂ ಜೀವಂತವಾಗಿವೆ ಎಂದು ತೋರಿಸಿದರು. ನೋಟ ಹೋಗುವುದೂ ಕೋಶ ಸಾಯುವುದೂ ಒಂದೇ ಅಲ್ಲ ಎಂಬ ಈ ತಿಳಿವಳಿಕೆ, ಕೋಶಗಳಿಗೆ ಸರಿಯಾದ ಜೀನ್ ಸೇರಿಸುವ ಜೀನ್ ಚಿಕಿತ್ಸೆಗೆ ದೊಡ್ಡ ಬಲವಾಯಿತು. 2017ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲಕ್ಸ್‌ಟರ್ನಾ ಎಂಬ ಆರ್‌ಪಿಇ65 ಜೀನ್ ಚಿಕಿತ್ಸೆಯ ಔಷಧವನ್ನು ಸಾಕಷ್ಟು ಜೀವಂತ ಕೋಶಗಳು ಉಳಿದಿರುವ ಕಣ್ಣಿಗೆ ಮಾತ್ರ ಕೊಡಬೇಕೆಂಬುದು ನಿಯಮ; ಅದನ್ನು ನಿರ್ಧರಿಸಲು ವೈದ್ಯರು ನೋಡುವುದು ಇದೇ ಪದರಗಳ ಚಿತ್ರವನ್ನು. ಈ ಔಷಧ ಒಂದು ಜೀನ್‌ನ ದೋಷಕ್ಕಷ್ಟೇ ಆಗುತ್ತದೆ, ಬೆಲೆಯೋ ಆರಂಭದಲ್ಲಿ ಎರಡು ಕಣ್ಣಿಗೆ 8,50,000 ಡಾಲರ್.

ಇದಕ್ಕೆ ಮದ್ದಿಲ್ಲ, ಮತ್ತೆ ಬರುವ ಅಗತ್ಯವಿಲ್ಲ ಎಂದು ಹೇಳಿ ಕಳುಹಿಸಲ್ಪಟ್ಟ ಎಷ್ಟೋ ಜನ ನಮ್ಮ ನಡುವೆ ಇದ್ದಾರೆ. ಆ ಮಾತನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಂಥ ಕಾಯಿಲೆಗಳ ಔಷಧ ಪ್ರಯೋಗಗಳಲ್ಲಿ ಇಂದು ಬಿಳಿ ಗೆರೆ ಎಷ್ಟು ಮೋಟಾಯಿತು, ಕಪ್ಪು ಜಾಗ ಎಷ್ಟು ಹರಡಿತು ಎಂಬುದನ್ನೂ ಅಳೆಯುತ್ತಾರೆ. ಹತ್ತು ವರ್ಷದ ಹಿಂದಿನ ಚಿತ್ರವೊಂದು ಕಡತದಲ್ಲಿದ್ದರೆ ಕಾಯಿಲೆಯ ನಡಿಗೆಯನ್ನು ಅದರ ಪಕ್ಕದಲ್ಲಿ ಇಂದಿನದನ್ನಿಟ್ಟು ಹೇಳಬಹುದು. ಅದಿಲ್ಲದ ಕಣ್ಣಿಗೆ ವೈದ್ಯರು ಇಂದಿನಿಂದಲೇ ಲೆಕ್ಕ ಶುರುಮಾಡಬೇಕಾಗುತ್ತದೆ.